ಹತಾರದ ಪೆಟ್ಟಿಗೆಯ ಜೀರ್ಣೋದ್ಧಾರ

1796ರ ಡಿಸೆಂಬರ್ ತಿಂಗಳಲ್ಲಿ, ಇಂಗ್ಲೆಂಡಿನ ಕೆಂಟ್ ಸೀಮೆಗೆ ಸೇರಿದ ಚಾಟಮ್ ಪಟ್ಟಣದ ಬೆಂಜಮಿನ್ ಸೀಟನ್ ಎಂಬ ಬಡಗಿಗೆ ಅವನ ತಂದೆಯು, ಲಂಡನ್ನಿನ ಕ್ರಿಸ್ಟೊಫರ್ ಗೇಬ್ರಿಯಲ್ ಎಂಬ ವರ್ತಕನ ಅಂಗಡಿಯಿಂದ ಉಳಿ, ಗರಗಸ, ಕೀಸುಳಿ ಮೊದಲಾದ ಹತಾರಗಳ ಸಮಗ್ರ ಸಂಗ್ರಹವೊಂದನ್ನು ಕೊಂಡುಕೊಟ್ಟನು. ಮರುವರ್ಷ ಮಗನು ಅವುಗಳನ್ನಿಡುವುದಕ್ಕಾಗಿ ಸ್ವಹಸ್ತದಿಂದ ಒಂದು ಪೆಟ್ಟಿಗೆಯನ್ನು ಮಾಡಿದನು; ಅದರೊಳಗಿನ ವಸ್ತುಗಳಿಗೆಲ್ಲ ಬೆಲೆಸಹಿತವಾದ ಒಂದು ಪಟ್ಟಿಯೂ ಸಿದ್ಧವಾಯಿತು. ಆ ಹತಾರಗಳು ಹೆಚ್ಚಾಗಿ ಬಳಕೆಯಾಗಲಿಲ್ಲ. ಪೆಟ್ಟಿಗೆ, ಹತಾರ, ಪಟ್ಟಿ ಮೂರೂ ಒಂದನ್ನೊಂದು ಅಗಲದೆ ಉಳಿದುವು. ಹದಿನೆಂಟನೆಯ ಶತಮಾನದ ಆಂಗ್ಲ ಬಡಗಿಯ ಬಳಿ ಏನೇನಿರುತ್ತಿತ್ತು ಎಂಬುದನ್ನು ಕಣ್ಣಾರೆ ಕಾಣಬಯಸುವವರು ಇಂದು ರಾಚೆಸ್ಟರ್ ಪಟ್ಟಣದ ಗಿಲ್ಡ್‌ಹಾಲ್ ವಸ್ತುಸಂಗ್ರಹಾಲಯಕ್ಕೆ ಹೋಗಿ ಅವನ್ನು ನೋಡಬಹುದು.

ಇಂಥ ಭಾಗ್ಯ ಎಲ್ಲ ಪೆಟ್ಟಿಗೆಗಳಿಗೂ ಒದಗಲಿಲ್ಲ. ಬಡಗಿಯು ಕಾಲವಾದ ಮೇಲೆ ಮಕ್ಕಳು ಬೇರೆ ವೃತ್ತಿಗಳಿಗೆ ಹೋದರು. ವಿದ್ಯುಚ್ಛಕ್ತಿಯಿಂದ ನಡೆಯುವ ಯಂತ್ರಗಳು ಬಂದು ಕೈಗೀಸುಳಿಗಳನ್ನು ಮೂಲೆಗೆ ತಳ್ಳಿದುವು. ಪೆಟ್ಟಿಗೆಯು ಹಿತ್ತಲಿನ ಶೆಡ್ಡಿನಲ್ಲಿ, ನೆಲಮಾಳಿಗೆಯಲ್ಲಿ, ಹಳೆಯ ಬಣ್ಣದ ಡಬ್ಬಿಗಳ ಭಾರವನ್ನು ಹೊತ್ತು ದಶಕಗಳನ್ನು ಕಳೆಯಿತು. ಹೀಗೆ ಮಲಗಿದ್ದುವು ಈಗಲೂ ಒಂದೊಂದಾಗಿ ಹಳ್ಳಿಗಳ ಹರಾಜುಗಳಲ್ಲಿಯೂ ಹಳೆಯ ಸಾಮಾನಿನ ಸಂತೆಗಳಲ್ಲಿಯೂ ಮಾರಾಟಕ್ಕೆ ಬರುತ್ತಿವೆ. ಕೊಂಡವನ ಮನಸ್ಸಿನಲ್ಲಿ ಮೊದಲು ಹುಟ್ಟುವ ಆಸೆ ಅದನ್ನು ತೊಳೆದು ಉಜ್ಜಿ ಹೊಸದು ಮಾಡಬೇಕೆಂಬುದೇ. ಆ ಆಸೆ ಸಹಜವಾದುದು. ಆದರೆ ನೂರು ವರ್ಷ ಹುಳುವನ್ನೂ ತೇವವನ್ನೂ ತಾಳಿಕೊಂಡ ಪೆಟ್ಟಿಗೆಯು ಹಾಳಾಗುವುದು ಅನೇಕ ವೇಳೆ ಆ ಆಸೆಯ ಕೈಯಲ್ಲಿಯೇ.

ಪೆಟ್ಟಿಗೆಯ ರಚನೆಯನ್ನು ಮೊದಲು ಅರಿಯತಕ್ಕದ್ದು. ಅದು ಸುಮಾರು ಮೂರು ಅಡಿಗೂ ಮಿಕ್ಕ ಉದ್ದ, ಎರಡಡಿಯಷ್ಟು ಅಗಲ, ಅಷ್ಟೇ ಎತ್ತರವಿರುವ, ಬರಿದಾಗಿದ್ದರೂ ಇಬ್ಬರು ಸೇರಿ ಎತ್ತಬೇಕಾದ ವಸ್ತು. ಹೊರಮೈ ಸಾಮಾನ್ಯವಾಗಿ ಪೈನ್ ಮರದ್ದು. ಅದು ಹಗುರ, ಅಗ್ಗ. ನಾಲ್ಕು ಮೂಲೆಗಳನ್ನೂ ಡವ್‌ಟೇಲ್ ಕಚ್ಚುಗಳಿಂದ ಕೂಡಿಸಿ, ಬುಡದ ಸುತ್ತಲೂ ಮುಚ್ಚಳದ ಅಂಚಿನ ಸುತ್ತಲೂ ದಪ್ಪನಾದ ಪಟ್ಟಿಗಳನ್ನು ಬಿಗಿದಿರುತ್ತಾರೆ. ಮೇಲಿನ ಪಟ್ಟಿಯು ಧೂಳನ್ನು ತಡೆಯುವುದಕ್ಕೆ. ಕೆಳಗಿನದು ಕಾಲಿನ ಒದೆತವನ್ನು ತಾಳುವುದಕ್ಕೆ. ಒಳಗೆ, ಮೇಲುಭಾಗದಲ್ಲಿ, ಓಕ್ ಮರದ ಹಳಿಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವ ಎರಡು ಮೂರು ಖಾನೆಗಳು ಒಂದರ ಕೆಳಗೊಂದು ಇರುತ್ತವೆ; ಇವುಗಳನ್ನು ಜಾರುಖಾನೆಗಳೆಂದು ಕರೆಯೋಣ. ಉಳಿ, ಅಳತೆಗೋಲು, ಬೈರಿಗೆಯ ಅಲಗು ಮುಂತಾದ ಸಣ್ಣ ವಸ್ತುಗಳು ಅವುಗಳಲ್ಲಿ; ಗರಗಸಗಳಿಗೆ ಮುಂಭಾಗದಲ್ಲಿ ಸೀಳುಗಂಡಿಗಳು; ಅಲಂಕಾರದ ಅಂಚುಗಳನ್ನು ಕೆತ್ತುವ ಕೀಸುಳಿಗಳಿಗೆ ಹಿಂಭಾಗದ ತಳದಲ್ಲಿ ಒಂದು ಇಕ್ಕಟ್ಟಾದ ಸ್ಥಳ. ಕಾರ್ಯಶಾಲೆಯ ಯಜಮಾನನು ಕೆಲಸದ ಮೇಜನ್ನು ಕೊಡುತ್ತಿದ್ದನೇ ಹೊರತು ಕೈಹತಾರಗಳನ್ನಲ್ಲ. ಅವು ಬಡಗಿಯ ಸ್ವಂತ ಆಸ್ತಿ. ಕೆಲಸವನ್ನು ಅರಸುತ್ತ ಊರಿಂದೂರಿಗೆ ಹೋಗುವವನ ಜೀವನೋಪಾಯವೆಲ್ಲವೂ ಈ ಒಂದು ಪೆಟ್ಟಿಗೆಯೊಳಗೆ ಸೇರಿರುತ್ತಿತ್ತಾದುದರಿಂದ, ಬೆಂಕಿಯೋ ಕಳ್ಳನೋ ಅದನ್ನು ಅಪಹರಿಸಿದರೆ ಮನೆಮಂದಿಯೆಲ್ಲ ಉಪವಾಸ ಬೀಳುವ ಸಂಭವವಿತ್ತು. 1860ರಲ್ಲಿ ಇಂಗ್ಲೆಂಡಿನ ಬಡಗಿಗಳು ಕೂಡಿ ಕಟ್ಟಿಕೊಂಡ ಸಂಯುಕ್ತ ಸಂಘವು, ಕಾಯಿಲೆ ನಿರುದ್ಯೋಗಗಳಿಗೆ ನೆರವು ನೀಡಿದಂತೆಯೇ ಹತಾರಗಳ ನಷ್ಟಕ್ಕೂ ಪರಿಹಾರವನ್ನು ಕೊಡುತ್ತಿದ್ದುದು ಈ ಕಾರಣದಿಂದಲೇ.

ಈ ಪೆಟ್ಟಿಗೆಗಳಲ್ಲಿ ನನಗೆ ಎಂದೆಂದೂ ಆಶ್ಚರ್ಯವನ್ನುಂಟುಮಾಡಿರುವುದು ಅವುಗಳ ಹೊರಗಿಗೂ ಒಳಗಿಗೂ ಇರುವ ಅಂತರ. ಹೊರಗೆ ಕಪ್ಪು, ಕಡುಹಸುರು ಅಥವಾ ಮಣ್ಣುಬಣ್ಣದ ಒರಟು ಲೇಪ. ಮುಚ್ಚಳವನ್ನೆತ್ತಿದೊಡನೆ ಮಹೋಗನಿಯ ತೆಳುಪದರವನ್ನು ಅಂಟಿಸಿದ ಖಾನೆಗಳು, ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂಡಿಸಿದ ಚಿತ್ತಾರ, ಕನ್ನಡಿಯಂತೆ ಹೊಳೆಯುವ ಮೆರುಗು. ಹೊಸ ಕಾರ್ಯಶಾಲೆಗೆ ಬಂದವನು ತನ್ನ ಕೈಚಳಕವನ್ನು ಬಾಯಲ್ಲಿ ಹೇಳಬೇಕಾಗಿರಲಿಲ್ಲ. ಮುಚ್ಚಳವನ್ನು ತೆರೆದಿಟ್ಟರೆ ಸಾಕಾಗುತ್ತಿತ್ತು. ಹೊರಗಿನ ಒರಟುತನಕ್ಕೂ ಕಾರಣವುಂಟು: ಗಾಡಿಗಳಲ್ಲಿ ತಿಕ್ಕಾಡುತ್ತ, ಕಾರ್ಯಶಾಲೆಯಲ್ಲಿ ಆಸನವಾಗಿಯೂ ಮೆಟ್ಟಿಲಾಗಿಯೂ ಬಳಕೆಯಾಗುವ ವಸ್ತುವಿಗೆ ನಾಜೂಕು ಸಲ್ಲದು, ಬಣ್ಣ ಸವೆದಲ್ಲಿ ಮತ್ತೊಂದು ಲೇಪವನ್ನು ಕೊಟ್ಟರಾಯಿತು.

ಈ ವೈಲಕ್ಷಣ್ಯವನ್ನು ತಿಳಿಯದವರಿಂದ 1970ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ದೊಡ್ಡ ಅನಾಹುತವೇ ನಡೆಯಿತು. ಬಣ್ಣವನ್ನು ಕಿತ್ತು ಬೆತ್ತಲೆಗೊಳಿಸಿದ ಪೈನ್ ಪೀಠೋಪಕರಣಗಳ ಹುಚ್ಚು ಆ ಕಾಲದಲ್ಲಿ ಹಬ್ಬಿ, ಹತಾರದ ಪೆಟ್ಟಿಗೆಗಳನ್ನು ಕಾಸ್ಟಿಕ್ ಸೋಡಾ ತುಂಬಿದ ತೊಟ್ಟಿಗಳಲ್ಲಿ ಮುಳುಗಿಸಿ, ಒಳಗಿನ ಜಾರುಖಾನೆಗಳನ್ನು ಕಿತ್ತೆಸೆದು, ಕಂಬಳಿ ಇಡುವ ಪೆಟ್ಟಿಗೆಗಳೆಂದೋ ಕಾಫಿ ಬಟ್ಟಲಿಡುವ ಮೇಜುಗಳೆಂದೋ ಮಾರಿದರು. ಆ ಕ್ಷಾರವು ಬಣ್ಣವನ್ನಷ್ಟೇ ತೆಗೆಯಲಿಲ್ಲ. ಕೀಲುಗಳ ಅಂಟನ್ನು ಸಡಿಲಿಸಿತು, ಮರದ ಎಳೆಗಳನ್ನು ಎಬ್ಬಿಸಿ ಮೈಯನ್ನು ತರಕಲಾಗಿಸಿತು. ಹಾಗೆ ಬೆಳ್ಳಗಾದ ಪೆಟ್ಟಿಗೆಯೊಂದನ್ನು ನೋಡಿದಾಗ ಅದು ಯಾರದು, ಏತರದು ಎಂದು ಹೇಳುವ ಗುರುತು ಒಂದೂ ಸಿಕ್ಕುವುದಿಲ್ಲ. ಆದುದರಿಂದ ಕೊಳೆಗೂ ಬಣ್ಣಕ್ಕೂ, ಹಾನಿಗೂ ಸವೆತಕ್ಕೂ ಇರುವ ಭೇದವನ್ನು ವಿವೇಚಿಸಿಕೊಂಡ ಬಳಿಕವೇ ಕೈಯಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಕೊಳೆಯನ್ನು ತೆಗೆಯಬೇಕು, ಹಾನಿಯನ್ನು ಸರಿಪಡಿಸಬೇಕು. ಹಳೆಯ ಬಣ್ಣವನ್ನೂ ಕೈಯ ಸವೆತವನ್ನೂ ಉಳಿಸಬೇಕು.

ಮೊದಲ ಕೆಲಸ ನೋಡುವುದು. ಪೆಟ್ಟಿಗೆಯನ್ನು ಒಳ್ಳೆಯ ಬೆಳಕಿಗೆ ತಂದು, ಪ್ರತಿಯೊಂದು ಮುಖವನ್ನೂ ಛಾಯಾಚಿತ್ರ ತೆಗೆದು, ಯಾವ ವಸ್ತು ಯಾವ ಖಾನೆಯಲ್ಲಿತ್ತೆಂಬುದನ್ನು ಬರೆದುಕೊಂಡು ಆಮೇಲೆ ಬರಿದುಮಾಡಬೇಕು. ನಾನು ಹತ್ತಿರದಿಂದ ಪರಿಶೀಲಿಸಿದ ಒಂದು ಪೆಟ್ಟಿಗೆಯ ಮೇಲಿನ ಜಾರುಖಾನೆಯ ಮುಂಗೋಡಿನಲ್ಲಿ, ಬಲಗಡೆಗೆ ಸ್ವಲ್ಪ ಸರಿದಂತೆ, ಹೆಬ್ಬೆರಳಿನಷ್ಟೇ ಅಗಲವಾದ ಒಂದು ತಗ್ಗು ಇತ್ತು. ಅಲ್ಲಿ ಮೆರುಗು ಪೂರ್ತಿ ಅಳಿದು ಮರವು ಕಪ್ಪಾಗಿ ನುಣುಪಾಗಿದ್ದಿತು. ದಿನಕ್ಕೆ ಹತ್ತಾರು ಸಲ ಆ ಖಾನೆಯನ್ನು ಹಿಂದಕ್ಕೆ ತಳ್ಳಿದ ಬೆರಳು ಮಾಡಿದ ಗುರುತು ಅದು. ಮುಚ್ಚಳದ ಒಳಮೈಯಲ್ಲಿ ಸೀಸದಕಡ್ಡಿಯಿಂದೆಳೆದ ಗೀಟುಗಳ ಸಾಲುಗಳಿದ್ದುವು, ನಾಲ್ಕು ನೆಟ್ಟಗೆರೆ, ಐದನೆಯದು ಅಡ್ಡಗೆರೆ. ದಿನಗೂಲಿಯ ಲೆಕ್ಕವೋ ಕುಯ್ದ ಹಲಗೆಗಳ ಲೆಕ್ಕವೋ ಇದ್ದೀತು. ಒಂದು ತುಂಡು ಉಪ್ಪುಕಾಗದ ಹಿಡಿದವನು ಇವೆರಡನ್ನೂ ಕ್ಷಣಮಾತ್ರದಲ್ಲಿ ಅಳಿಸಿಬಿಡಬಲ್ಲ.

ಧೂಳನ್ನು ಮೃದುವಾದ ಕುಂಚದಿಂದ ಕೆದರಿ, ಹೀರುಯಂತ್ರದ ಬಾಯಿಗೆ ತೆಳುಬಟ್ಟೆ ಕಟ್ಟಿ ಎಳೆದುಕೊಂಡ ಮೇಲೆ ಹುಳುವಿನ ವಿಚಾರ. ಸಾಧಾರಣ ಪೀಠೋಪಕರಣಗಳಲ್ಲಿ ಸೇರುವ ಕುಟ್ಟೆ ಹುಳುವು ಮೊಟ್ಟೆಯೊಡೆದು ಮರದೊಳಗೆ ಮೂರು ನಾಲ್ಕು ವರ್ಷಗಳನ್ನು ತಿನ್ನುವುದರಲ್ಲಿಯೇ ಕಳೆದು, ಪ್ರೌಢ ಕೀಟವಾಗಿ ಬೇಸಗೆಯಲ್ಲಿ ಸುಮಾರು ಎರಡು ಮಿಲಿಮೀಟರ್ ಅಗಲದ ರಂಧ್ರವನ್ನು ಕೊರೆದು ಹೊರಬೀಳುತ್ತದೆ. ರಂಧ್ರ ಕಂಡಮಾತ್ರಕ್ಕೆ ಹೆದರಬೇಕಾಗಿಲ್ಲ; ಅದು ಹುಳು ಹೊರಟುಹೋದ ಬಾಗಿಲು, ಒಂದು ಶತಮಾನದ ಹಿಂದಿನದೂ ಆಗಿರಬಹುದು. ಪೆಟ್ಟಿಗೆಯ ಕೆಳಗೆ ಕಪ್ಪು ಕಾಗದವನ್ನು ಹಾಸಿ ಕೆಲವು ವಾರ ಬಿಟ್ಟು ನೋಡಬೇಕು: ಬೆಳ್ಳನೆಯ ಹಿಟ್ಟು ಹೊಸದಾಗಿ ಉದುರಿದ್ದರೆ ಒಳಗೆ ಜೀವವಿದೆಯೆಂದು ಶಂಕಿಸಬಹುದು. ಆಗ ಬೋರಾಕ್ಸ್ ಜಾತಿಯ ಲವಣದ್ರಾವಣವನ್ನು, ಬಣ್ಣವಿಲ್ಲದ ಒಳಮುಖ ಮತ್ತು ತಳದ ಹಲಗೆಗಳಿಗೆ ಸವರುವುದು ಗೃಹಸ್ಥರಿಗೆ ಸಾಧ್ಯವಾದ ಉಪಾಯ. ಸಂಗ್ರಹಾಲಯಗಳಲ್ಲಿ ವಸ್ತುವನ್ನು ಗಾಳಿಯಾಡದಂತೆ ಸುತ್ತಿ ಬಹು ಶೀತಲವಾದ ಕೋಣೆಯಲ್ಲಿಟ್ಟು ಹುಳುವನ್ನು ಕೊಲ್ಲುತ್ತಾರೆ.

ಹೊರಗಿನ ಹಳೆಯ ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಹಿಂದಿನ ಬಣ್ಣಗಳಲ್ಲಿ ಸೀಸದ ಸಂಯುಕ್ತಗಳು ಧಾರಾಳವಾಗಿರುತ್ತಿದ್ದುವು. ಒಣಗಿದ ಬಣ್ಣವನ್ನು ಉಜ್ಜಿದಾಗ ಏಳುವ ಧೂಳು ಉಸಿರಿನೊಡನೆ ದೇಹವನ್ನು ಸೇರಿ, ವಿಶೇಷವಾಗಿ ಮಕ್ಕಳ ಮಿದುಳಿಗೆ ಸರಿಪಡಿಸಲಾಗದ ಕೇಡನ್ನು ಮಾಡುತ್ತದೆ. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮವನ್ನು ನಮ್ಮ ದೇಶದಲ್ಲಿ ವಿಧಿಸಿದ್ದು ತೀರ ಈಚೆಗೆ, 2016ರಲ್ಲಿ. ಹಳೆಯ ವಸ್ತು ಯಾವ ದೇಶದ್ದೇ ಆಗಲಿ, ಅದರ ಬಣ್ಣದಲ್ಲಿ ಸೀಸವಿದೆಯೆಂದೇ ಎಣಿಸಿ ನಡೆದುಕೊಳ್ಳುವುದು ಕ್ಷೇಮ. ಒಣಗಿದ ಬಣ್ಣದ ಮೇಲೆ ಉಪ್ಪುಕಾಗದವನ್ನು ಆಡಿಸಲೇಕೂಡದು. ಉಗುರುಬೆಚ್ಚಗಿನ ನೀರಿಗೆ ಒಂದೆರಡು ತೊಟ್ಟು ಸೌಮ್ಯವಾದ ಸಾಬೂನನ್ನು ಬೆರಸಿ, ಹಿಂಡಿದ ಬಟ್ಟೆಯಿಂದ ಅಂಗೈಯಗಲದ ಸ್ಥಳವನ್ನಷ್ಟೇ ಒರಸಿ, ಒಡನೆಯೇ ಒಣಬಟ್ಟೆಯಿಂದ ತೇವವನ್ನು ತೆಗೆದು, ಬಟ್ಟೆಯ ಮೇಲೆ ಕೊಳೆ ಬಂದಿದೆಯೋ ಬಣ್ಣವೇ ಬಂದಿದೆಯೋ ಎಂದು ನೋಡಿಕೊಂಡು ಮುಂದಿನ ಸ್ಥಳಕ್ಕೆ ಹೋಗಬೇಕು. ಎಣ್ಣೆಜಿಡ್ಡು ಕಟ್ಟಿದಲ್ಲಿ ಟರ್ಪೆಂಟೈನ್ ತಾಗಿಸಿದ ಬಟ್ಟೆ ಉಪಯುಕ್ತ. ಈ ರೀತಿಯಲ್ಲಿ ಮಾಡಿದರೆ ಕಪ್ಪೆಂದು ಕಾಣುತ್ತಿದ್ದ ಪೆಟ್ಟಿಗೆಯು ಕಡುಹಸುರಿನದೆಂದು ಬಯಲಾಗುವುದುಂಟು. ಹೊಗೆ ಧೂಳುಗಳ ಅಡಿಯಲ್ಲಿ ಮೊದಲಿನ ಒಡೆಯನು ಬರೆಸಿಕೊಂಡ ಹೆಸರಿನ ಅಕ್ಷರಗಳು ಎದ್ದು ಬರುವುದೂ ಉಂಟು.

ಒಳಗಿನ ಮೆರುಗಿಗೆ ಬೇರೆಯೇ ಕ್ರಮ. ಹತ್ತೊಂಬತ್ತನೆಯ ಶತಮಾನದ ಆರಂಭದ ದಶಕಗಳಿಂದೀಚೆಗೆ ಇಂಗ್ಲೆಂಡಿನ ಕುಶಲಕರ್ಮಿಗಳು ಮಹೋಗನಿಗೆ ಕೊಟ್ಟ ಹೊಳಪು ಹೆಚ್ಚಾಗಿ ಅರಗಿನದು. ನಮ್ಮ ಬಡಗಿಗಳೂ ಅದನ್ನು ಫ್ರೆಂಚ್ ಪಾಲಿಶ್ ಎಂದೇ ಕರೆಯುತ್ತಾರೆ. ಕಣ್ಣಿಗೆ ಬೀಳದ ಮೂಲೆಯಲ್ಲಿ ಸ್ಪಿರಿಟ್ಟಿನ ಒಂದು ಹನಿಯನ್ನಿಟ್ಟು ನೋಡಿದಾಗ ಮೆರುಗು ಕರಗಿ ಜಿಗುಟಾದರೆ ಅದು ಅರಗೆಂದು ತಿಳಿಯತಕ್ಕದ್ದು. ಅಂಥ ಮೇಲ್ಮೈಯನ್ನು ಸ್ಪಿರಿಟ್ಟಿನಿಂದ ಶುಚಿಮಾಡಹೊರಟರೆ ಕೊಳೆಯೊಡನೆ ಮೆರುಗೂ ಹೋಗುತ್ತದೆ. ಇಲ್ಲಿ ವಸ್ತುಸಂಗ್ರಹಾಲಯದ ತಜ್ಞರು ಅನುಸರಿಸುವ ಉಪಾಯವೊಂದನ್ನು ಕೇಳಿ ಓದುಗರು ಹುಬ್ಬೇರಿಸಬಹುದು: ಹತ್ತಿಯ ಸುರುಳಿಯನ್ನು ಸ್ವಂತ ಲಾಲಾರಸದಲ್ಲಿ ಒದ್ದೆಮಾಡಿ ಮೆಲ್ಲಗೆ ಉರುಳಿಸುವುದು. ಆ ರಸದಲ್ಲಿರುವ ಜೀರ್ಣಕಾರಿ ದ್ರವ್ಯಗಳು ಕೈಜಿಡ್ಡನ್ನೂ ಹೊಗೆಯ ಪದರವನ್ನೂ ಸಡಿಲಿಸುತ್ತವೆ, ಅರಗನ್ನು ಮುಟ್ಟುವುದಿಲ್ಲ.

ಅರಗಿನ ಮಾತು ಬಂದಮೇಲೆ ನಾವು ಮನೆಗೇ ಬಂದಂತಾಯಿತು. ಲಂಡನ್ನಿನ ಬಡಗಿಯು ಚಿಂದಿಯ ಉಂಡೆಯಿಂದ ವರ್ತುಲಾಕಾರವಾಗಿ ತಿಕ್ಕುತ್ತಿದ್ದ ಆ ಹೊನ್ನಿನ ಬಣ್ಣದ ದ್ರವವು, ಭಾರತದ ಕಾಡುಗಳಲ್ಲಿ ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಗೊಂಬೆಗಳನ್ನು ಮುತ್ತಿ ರಸಹೀರುವ ಒಂದು ಕಿರುಕೀಟವು ತನ್ನ ಮೈಯ ಸುತ್ತ ಸ್ರವಿಸಿಕೊಂಡ ರಾಳದಿಂದ ಆದುದು. ಕೊಂಬೆಯಿಂದ ಹೆರೆದು, ತೊಳೆದು, ಕಾಸಿ, ತೆಳ್ಳನೆಯ ಹಾಳೆಯಾಗಿ ಎಳೆದು, ಚಕ್ಕೆಚಕ್ಕೆಯಾಗಿ ಒಡೆದ ಅರಗು ಇಲ್ಲಿಂದ ಹಡಗುಗಳಲ್ಲಿ ವಿಲಾಯತಿಗೆ ಹೋಗುತ್ತಿತ್ತು. ಅದರ ಅಧ್ಯಯನಕ್ಕೆಂದೇ 1924ರಲ್ಲಿ ರಾಂಚಿಯ ಬಳಿ ನಾಮ್‌ಕುಮ್ ಎಂಬಲ್ಲಿ ಒಂದು ಸಂಶೋಧನಾಲಯ ಸ್ಥಾಪಿತವಾಯಿತು. ನಮ್ಮ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣಗಳ ಕಾರ್ಖಾನೆ ಪ್ರಾರಂಭವಾಯಿತು. ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಇಂದು ದೇಶಕ್ಕೆಲ್ಲ ಒದಗಿಸುತ್ತಿರುವುದೂ ಅದೇ ಕಾರ್ಖಾನೆ. ಚನ್ನಪಟ್ಟಣದ ಕುಶಲಕರ್ಮಿಯಂತೂ ಸ್ಪಿರಿಟ್ಟಿನ ಹಂಗೂ ಇಲ್ಲದೆ, ತಿರುಗುತ್ತಿರುವ ಮರದ ಗೊಂಬೆಗೆ ಬಣ್ಣಬೆರೆತ ಅರಗಿನ ಕಡ್ಡಿಯನ್ನು ಒತ್ತಿಹಿಡಿದು, ಘರ್ಷಣೆಯ ಶಾಖದಿಂದಲೇ ಅದು ಕರಗಿ ಮೈಗೂಡುವಂತೆ ಮಾಡುತ್ತಾನೆ. ಇಂಥ ನಾಡಿನವರು ಹಳೆಯ ಮೆರುಗಿನ ಮೇಲೆ ಪ್ಲಾಸ್ಟಿಕ್ಕಿನ ವಾರ್ನಿಷನ್ನು ಸುರಿಯುವುದನ್ನು ಕಂಡರೆ ನನಗೆ ವ್ಯಸನವಾಗುತ್ತದೆ. ಅರಗಿನ ದೊಡ್ಡ ಗುಣವೆಂದರೆ, ಹೊಸ ಲೇಪದ ಸ್ಪಿರಿಟ್ಟು ಹಳೆಯ ಲೇಪದ ಮೇಲುಪದರವನ್ನು ಕೊಂಚ ಕರಗಿಸುವುದರಿಂದ ಎರಡೂ ಕೂಡಿ ಒಂದೇ ಆಗುವುದು. ಮೆರುಗು ಹಾರಿಹೋದೆಡೆಗೆ ತೆಳುವಾದ ಅರಗನ್ನು ಒಂದೆರಡು ಬಾರಿ ಒರಸಿದರೆ ತೇಪೆಯ ಅಂಚು ಕಾಣಿಸುವುದಿಲ್ಲ.

ರಚನೆಯ ದುರಸ್ತಿಗೆ ಬಂದರೆ, ಬಹುಪಾಲು ಪೆಟ್ಟಿಗೆಗಳು ಕೆಡುವುದು ಬುಡದಿಂದ. ಒದ್ದೆನೆಲದ ತೇವವು ತಳದ ಹಲಗೆಗಳನ್ನೂ ಕೆಳಪಟ್ಟಿಯನ್ನೂ ಕೊಳೆಸುತ್ತದೆ. ಇದನ್ನು ಹಳೆಯ ಬಡಗಿಗಳು ಮುನ್ನವೇ ಊಹಿಸಿದ್ದರು. ಆದುದರಿಂದಲೇ ಗೋಡೆಗಳನ್ನು ಕಚ್ಚು ಕೂಡಿಸಿ ಅಂಟಿಸಿದವರು ತಳವನ್ನು ಮಾತ್ರ ಮೊಳೆಗಳಿಂದ ಹೊಡೆದರು, ಕೆಟ್ಟರೆ ಬಿಚ್ಚಿ ಬೇರೆ ಹಾಕಲೆಂದು. ಕೊಳೆತ ಹಲಗೆಗಳನ್ನಷ್ಟೇ ತೆಗೆದು ಅದೇ ಜಾತಿಯ ಒಣಮರವನ್ನು ಅದೇ ದಿಕ್ಕಿಗೆ ಎಳೆಗಳಿರುವಂತೆ ಕೂಡಿಸಬೇಕು. ಬಿಟ್ಟುಹೋದ ಕಚ್ಚುಗಳಿಗೆ ಚರ್ಮವನ್ನು ಬೇಯಿಸಿ ಮಾಡಿದ ಸರೇಸಿನ ಅಂಟೇ ಯೋಗ್ಯ. ಅದನ್ನು ನೀರಿನಲ್ಲಿ ನೆನೆಯಿಟ್ಟು, ಬಿಸಿನೀರಿನ ಪಾತ್ರೆಯೊಳಗೆ ಮತ್ತೊಂದು ಪಾತ್ರೆಯನ್ನಿಟ್ಟು ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಬೇಕು. ಕುದಿಸಿದರೆ ಬಲವು ಕುಗ್ಗುತ್ತದೆ. ಹಳೆಯ ಸರೇಸಿನ ಮೇಲೆ ಹೊಸ ಸರೇಸು ಹಿಡಿಯುತ್ತದೆ, ಅಂಗಡಿಯ ಬಿಳಿಯ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಮುಂದೆಂದಾದರೂ ಬಿಚ್ಚಬೇಕಾಗಿ ಬಂದಾಗ ಬೆಚ್ಚನೆಯ ನೀರೂ ತುಸು ತಾಳ್ಮೆಯೂ ಇದ್ದರೆ ಸರೇಸು ಸಡಿಲುತ್ತದೆ. ಎಪಾಕ್ಸಿಯಿಂದ ಬೆಸೆದ ಕೀಲನ್ನು ಬಿಚ್ಚಬೇಕಾದರೆ ಮರವನ್ನೇ ಮುರಿಯಬೇಕು.

ಕಬ್ಬಿಣದ ಹಿಡಿಗಳು, ತಿರುಗಣಿಗಳು, ಬೀಗ ಇವುಗಳ ತುಕ್ಕಿಗೆ ಮೊದಲು ಎಣ್ಣೆ ಮತ್ತು ನವುರಾದ ಉಕ್ಕಿನ ನಾರು ಸಾಕು. ಕೆಂಪಾಗಿ ಉದುರುವ ತುಕ್ಕು ಹೋಗಬೇಕು. ಅದರ ಕೆಳಗೆ ಗಟ್ಟಿಯಾಗಿ ಅಂಟಿಕೊಂಡ ಕಪ್ಪುಪದರವು ಲೋಹವನ್ನು ಕಾಯುತ್ತದೆ, ಇರಲಿ. ತುಕ್ಕು ತೀರ ದಪ್ಪವಾಗಿ ಕಟ್ಟಿದ್ದರೆ ಪೆಟ್ಟಿಗೆಯಿಂದ ಬಿಚ್ಚಿದ ಭಾಗವನ್ನು ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಮುಳುಗಿಸಿ, ಬ್ಯಾಟರಿ ಚಾರ್ಜರಿನ ಋಣತುದಿಯನ್ನು ಅದಕ್ಕೂ ಧನತುದಿಯನ್ನು ಒಂದು ನಿರುಪಯೋಗಿ ಕಬ್ಬಿಣದ ತಗಡಿಗೂ ಜೋಡಿಸಿ ವಿದ್ಯುತ್ತನ್ನು ಹಾಯಿಸುವ ವಿಧಾನವುಂಟು. ಆ ತಗಡು ಸ್ಟೇನ್‌ಲೆಸ್ ಸ್ಟೀಲಿನದಾಗಿರಕೂಡದು, ಅದರ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ. ಜಲಜನಕವು ಹೊರಡುವುದರಿಂದ ಈ ಕೆಲಸವನ್ನು ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಮಾಡತಕ್ಕದ್ದು. ತಿರುಪುಮೊಳೆ ಜಗ್ಗದಿದ್ದರೆ ಕಾಸಿದ ಬೆಸುಗೆಕಡ್ಡಿಯನ್ನು ಅದರ ತಲೆಗೆ ಮುಟ್ಟಿಸಿ, ಕಾದು ಹಿಗ್ಗಿದ ಮೊಳೆ ಆರಿ ಕುಗ್ಗಿದ ಮೇಲೆ ತಿರುಗಿಸಿದರೆ ಬಹುಮಟ್ಟಿಗೆ ಬರುತ್ತದೆ. ಹಿತ್ತಾಳೆಯ ಭಾಗಗಳನ್ನು ಹುಣಿಸೆಹಣ್ಣಿನಿಂದ ಥಳಥಳಿಸುವಂತೆ ಉಜ್ಜುವ ನಮ್ಮ ಅಭ್ಯಾಸ ದೇವರಮನೆಯ ದೀಪಗಳಿಗೆ ಸರಿ. ಇಲ್ಲಿ ಬಟ್ಟೆಯಿಂದ ಒರಸಿದರೆ ಸಾಕು.

ಜಾರುಖಾನೆಗಳು ತಡೆದು ತಡೆದು ಚಲಿಸುತ್ತಿದ್ದರೆ ಎಣ್ಣೆ ಬಿಡಬಾರದು, ಅದು ಧೂಳನ್ನು ಹಿಡಿದು ಮೇಣದಂತೆ ಕಟ್ಟುತ್ತದೆ. ಮೇಣದಬತ್ತಿಯ ತುಂಡನ್ನು ಹಳಿಯ ಮೇಲೆ ತಿಕ್ಕಿದರೆ ಖಾನೆಯು ಬೆರಳು ತಾಗಿದ ಮಾತ್ರಕ್ಕೆ ಸರಿಯುತ್ತದೆ. ಸವೆದು ತಗ್ಗಾದ ಹಳಿಯ ಮೇಲೆ ಓಕ್ ಮರದ ತೆಳುಪಟ್ಟಿಯನ್ನು ಅಂಟಿಸಬಹುದು. ಮುಗ್ಗಲು ವಾಸನೆಗೆ ನೆರಳಿನಲ್ಲಿ ಗಾಳಿಯಾಡುವಂತೆ ಮುಚ್ಚಳ ತೆರೆದಿಡುವುದೇ ಮದ್ದು. ಬಿರುಬಿಸಿಲಿಗಿಟ್ಟರೆ ಮರ ಸೀಳುತ್ತದೆ, ತೆಳುಪದರಗಳು ಏಳುತ್ತವೆ. ಕೊನೆಗೆ ಹೊರಗಿನ ಬಣ್ಣಕ್ಕೆ ಜೇನುಮೇಣವನ್ನು ಟರ್ಪೆಂಟೈನಿನಲ್ಲಿ ಕರಗಿಸಿದ ಲೇಪವನ್ನು ತೆಳ್ಳಗೆ ಹಚ್ಚಿ ಒರಸಬಹುದು. ಅಗಸೆಯೆಣ್ಣೆಯನ್ನು ಬಳಸಿದವರು ಆ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬಾರದು. ಒಣಗುವಾಗ ಅದು ತನ್ನಷ್ಟಕ್ಕೆ ಕಾದು ಹೊತ್ತಿಕೊಳ್ಳುತ್ತದೆ, ಕಾರ್ಯಶಾಲೆಗಳೇ ಹೀಗೆ ಸುಟ್ಟುಹೋಗಿವೆ. ಬಿಡಿಸಿ ಹರವಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಅದ್ದಿಡಬೇಕು.

ಪೆಟ್ಟಿಗೆಯ ಜೊತೆಗೆ ಹತಾರಗಳೂ ದೊರೆತಿದ್ದರೆ ಅವನ್ನು ಬಿಡಿಬಿಡಿಯಾಗಿ ಮಾರುವ ಮೊದಲು ಕೀಸುಳಿಗಳ ಮುಂತುದಿಯನ್ನು ನೋಡಬೇಕು. ಬೀಚ್ ಮರದ ಆ ಕೊನೆಯಲ್ಲಿ ತಯಾರಕನ ಮುದ್ರೆಯ ಹತ್ತಿರ ಒಡೆಯನ ಹೆಸರನ್ನು ಉಕ್ಕಿನ ಅಚ್ಚಿನಿಂದ ಒತ್ತಿರುತ್ತಾರೆ. ಒಂದೇ ಕೀಸುಳಿಯ ಮೇಲೆ ಎರಡು ಮೂರು ಹೆಸರುಗಳು ಇರುವುದೂ ಅಪರೂಪವಲ್ಲ, ಒಬ್ಬನಿಂದ ಇನ್ನೊಬ್ಬನು ಕೊಂಡು ಹಿಂದಿನವನ ಹೆಸರನ್ನು ಹಾಗೆಯೇ ಉಳಿಸಿದ್ದಾನೆ. ದುರಸ್ತಿ ಮಾಡುವವನೂ ತನ್ನ ಕೆಲಸವನ್ನು ದಾಖಲಿಸತಕ್ಕದ್ದು. ಹೊಸದಾಗಿ ಹಾಕಿದ ತಳದ ಹಲಗೆಯ ಕೆಳಮೈಯಲ್ಲಿ ಇಸವಿಯನ್ನೂ ಉಪಯೋಗಿಸಿದ ಮರ ಮತ್ತು ಅಂಟಿನ ವಿವರವನ್ನೂ ಸೀಸದಕಡ್ಡಿಯಿಂದ ಬರೆದಿಡಬೇಕು. ಶಾಯಿಯಿಂದ ಬೇಡ, ತೇವ ತಗುಲಿದರೆ ಅದು ಹರಡುತ್ತದೆ. ಕಿತ್ತು ತೆಗೆದ ಹಳೆಯ ಹಲಗೆಯಲ್ಲಿ ಕೊಳೆಯದೆ ಉಳಿದ ಒಂದು ತುಂಡನ್ನು, ಅದರ ಮೊಳೆಗಳ ಸಹಿತ, ಕಾಗದದಲ್ಲಿ ಸುತ್ತಿ ಕೀಸುಳಿಗಳಿರುವ ಹಿಂಬದಿಯ ತಳದಲ್ಲಿಡುವುದು ಒಳ್ಳೆಯದು. ಮುಂದೆ ಇದನ್ನು ಬಿಚ್ಚುವವನಿಗೆ ಮೂಲದ ಮರ ಯಾವುದು, ಮೊಳೆ ಎಂಥದು ಎಂಬುದು ಅದರಿಂದ ತಿಳಿಯುತ್ತದೆ.